ಶುಶ್ರೂಷಾ ಪದವಿ: ರೋಗಿಯ ಬಳಿಯಲ್ಲಿ ಕಲಿಯತಕ್ಕ ವಿದ್ಯೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಬಳಿಕ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲ್ಲೂಕುಗಳ ಮನೆಗಳಲ್ಲಿ ನಡೆಯುವ ಸಮಾಲೋಚನೆಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಎಂಬ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ವೈದ್ಯಕೀಯ ಸೀಟಿನ ಆಸೆ ಕೈಗೂಡದಾಗ ಉಳಿಯುವ ದಾರಿಯೆಂದು ಕೆಲವರು, ಬೇಗನೆ ಉದ್ಯೋಗ ದೊರೆಯುವುದೆಂದು ಹಲವರು, ಹೊರದೇಶಕ್ಕೆ ಹೋಗಲು ಸಾಧನವಾದೀತೆಂದು ಮತ್ತೆ ಕೆಲವರು ಅದನ್ನು ಆಯ್ದುಕೊಳ್ಳುವರು. ತೊಗರಿಯ ಬೆಳೆಯನ್ನೂ ಸಾಲವನ್ನೂ ನಂಬಿ ಶುಲ್ಕ ಕಟ್ಟುವ ರೈತಕುಟುಂಬಗಳಿಗೆ ಈ ಲೆಕ್ಕಾಚಾರಗಳು ಸಹಜವಾದವೇ ಹೊರತು ಆಕ್ಷೇಪಾರ್ಹವಾದವಲ್ಲ. ಆದರೆ ಮಗಳೋ ಮಗನೋ ಆ ನಾಲ್ಕು ವರ್ಷಗಳಲ್ಲಿ ಏನನ್ನು ಕಲಿಯುತ್ತಾರೆ, ಎಲ್ಲಿ ಕಲಿಯುತ್ತಾರೆ ಎಂದು ಕೇಳುವವರು ವಿರಳ. ತಾಯಿತಂದೆಗಳು ಕಾಲೇಜಿನ ಕಟ್ಟಡವನ್ನೂ ವಸತಿನಿಲಯವನ್ನೂ ನೋಡಿ ಬರುತ್ತಾರೆ. ಆ ಕಾಲೇಜಿಗೆ ಸೇರಿದ ಆಸ್ಪತ್ರೆಯ ವಾರ್ಡುಗಳಲ್ಲಿ ಅಡ್ಡಾಡಿ ಬರುವುದಿಲ್ಲ. ಮೊದಲು ನೋಡತಕ್ಕದ್ದು ಅದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆಯ ಶಾಲೆಯನ್ನು ಸ್ಥಾಪಿಸಿದಾಗಲೂ ಆ ಶಾಲೆ ಆಸ್ಪತ್ರೆಯ ಒಳಗೇ ಇತ್ತು. ನಮ್ಮ ದೇಶದಲ್ಲಿ ಈ ವಿದ್ಯೆ ವಿಶ್ವವಿದ್ಯಾಲಯದ ಪದವಿಯ ಗೌರವವನ್ನು ಪಡೆದದ್ದು ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ 1946ರಲ್ಲಿ. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವು ಜಾರಿಗೆ ಬಂದಿತು. 2023ರಲ್ಲಿ ಸಂಸತ್ತು ಆ ಶಾಸನದ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ವೃತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಈಗ ನಡೆಯುತ್ತಿರುವ ಪಠ್ಯಕ್ರಮವು 2021ರಲ್ಲಿ ಪರಿಷ್ಕೃತವಾದದ್ದು. ಹಿಂದಿನ ವಾರ್ಷಿಕ ಪದ್ಧತಿಯನ್ನು ಬಿಟ್ಟು ನಾಲ್ಕು ವರ್ಷಗಳನ್ನು ಎಂಟು ಸೆಮಿಸ್ಟರುಗಳಾಗಿ ವಿಭಾಗಿಸಿರುವಂಥದು.

ಸೂಜಿ ಚುಚ್ಚುವುದು, ಮಾತ್ರೆ ಹಂಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಷ್ಟೇ ನರ್ಸಿನ ಕೆಲಸವೆಂದು ಬಗೆದವರು ಆ ಪಠ್ಯಕ್ರಮವನ್ನು ಒಮ್ಮೆ ಓದಿದರೆ ವಿಸ್ಮಿತರಾಗದಿರಲಾರರು. ಮೊದಲ ವರ್ಷದಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಜೊತೆಗೆ ಸಮಾಜಶಾಸ್ತ್ರವೂ ಮನಶ್ಶಾಸ್ತ್ರವೂ ಆಹಾರವಿಜ್ಞಾನವೂ ಬರುತ್ತವೆ. ಎರಡನೆಯ ವರ್ಷದಲ್ಲಿ ಸೂಕ್ಷ್ಮಾಣುಜೀವಿಗಳು, ಸೋಂಕಿನ ನಿಯಂತ್ರಣ, ಔಷಧಶಾಸ್ತ್ರ, ರೋಗಲಕ್ಷಣಶಾಸ್ತ್ರ, ವಯಸ್ಕರ ಹಾಗೂ ವೃದ್ಧರ ಶುಶ್ರೂಷೆ, ವೃತ್ತಿಧರ್ಮ. ಮೂರನೆಯದರಲ್ಲಿ ಮಕ್ಕಳ ಆರೈಕೆ, ಮಾನಸಿಕ ರೋಗಿಗಳ ಆರೈಕೆ, ಸಮುದಾಯದ ಆರೋಗ್ಯ, ಪ್ರಸೂತಿಶಾಸ್ತ್ರದ ಆರಂಭ, ನ್ಯಾಯವೈದ್ಯಕೀಯ ಶುಶ್ರೂಷೆಯ ಪರಿಚಯ. ಕೊನೆಯ ವರ್ಷದಲ್ಲಿ ಪ್ರಸೂತಿಯ ಉತ್ತರಭಾಗ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ. ಎಂಟನೆಯ ಸೆಮಿಸ್ಟರು ಪೂರ್ತಿಯಾಗಿ ಆಸ್ಪತ್ರೆಯಲ್ಲಿಯೂ ಸಮುದಾಯದಲ್ಲಿಯೂ ಕಳೆಯತಕ್ಕ ಇಂಟರ್ನ್‌ಶಿಪ್. ಇಷ್ಟು ಶಾಸ್ತ್ರಗಳನ್ನು ಒಬ್ಬ ವಿದ್ಯಾರ್ಥಿನಿಯ ಮೇಲೆ ಹೇರಬೇಕಿತ್ತೆ ಎಂದು ಕೇಳುವವರಿಗೆ ಉತ್ತರ ಹಾಸಿಗೆಯ ಪಕ್ಕದಲ್ಲಿ ದೊರೆಯುತ್ತದೆ.

ಅರ್ಧ ಲೀಟರ್ ಸಲೈನನ್ನು ನಾಲ್ಕು ಗಂಟೆಗಳಲ್ಲಿ ಏರಿಸಬೇಕೆಂದು ವೈದ್ಯರು ಬರೆದಿದ್ದಾರೆನ್ನಿ. ಕೈಯಲ್ಲಿರುವ ಡ್ರಿಪ್ ಸೆಟ್ಟಿನಲ್ಲಿ 15 ಹನಿಗಳಿಗೆ ಒಂದು ಮಿಲಿಲೀಟರು. 500ನ್ನು 15ರಿಂದ ಗುಣಿಸಿ, ನಾಲ್ಕು ಗಂಟೆಗಳ 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 31 ಹನಿ. ಗಡಿಯಾರವನ್ನು ನೋಡುತ್ತ, ಕೊಳವೆಯ ಮೇಲಿನ ಗಾಲಿಯನ್ನು ಬೆರಳಿನಿಂದ ತಿರುವುತ್ತ ಹನಿಯ ವೇಗವನ್ನು ಅಷ್ಟಕ್ಕೆ ತಂದು ನಿಲ್ಲಿಸಬೇಕು. ಇಲ್ಲಿಯವರೆಗಿನದು ಗಣಿತ. ಆದರೆ ಹಾಸಿಗೆಯ ಮೇಲಿರುವವರು ಹೃದಯ ದುರ್ಬಲವಾದ ವೃದ್ಧರಾಗಿದ್ದು, ಸಂಬಂಧಿಕರಲ್ಲಿ ಯಾರೋ ಲಗುಬಗೆಯಿಂದ ಗಾಲಿಯನ್ನು ಸಡಿಲಿಸಿಬಿಟ್ಟರೆ ಆ ದ್ರವ ಪುಪ್ಪುಸಕ್ಕೆ ಇಳಿದು ಉಸಿರು ಕಟ್ಟಬಹುದು. ಅದನ್ನು ಬಲ್ಲವಳು ಅರ್ಧ ಗಂಟೆಗೊಮ್ಮೆ ಬಂದು ಬಾಟಲಿಯನ್ನಲ್ಲ, ರೋಗಿಯ ಉಸಿರಾಟವನ್ನು ನೋಡುತ್ತಾಳೆ. ಉಸಿರನ್ನು ಎಣಿಸುತ್ತಿರುವುದು ರೋಗಿಗೆ ತಿಳಿದರೆ ಅದರ ಗತಿ ಬದಲಾಗುವುದರಿಂದ, ನಾಡಿ ಹಿಡಿದ ಕೈಯನ್ನು ಬಿಡದೆಯೇ ಕಣ್ಣನ್ನು ಎದೆಯ ಕಡೆಗೆ ಹೊರಳಿಸಿ ಎಣಿಸುತ್ತಾಳೆ. ಶರೀರಕ್ರಿಯಾಶಾಸ್ತ್ರವೂ ಔಷಧಶಾಸ್ತ್ರವೂ ಮನಶ್ಶಾಸ್ತ್ರವೂ ಆ ಒಂದು ನಿಮಿಷದಲ್ಲಿ ಕೂಡಿಕೊಳ್ಳುತ್ತವೆ. ಪುಸ್ತಕದಲ್ಲಿ ಇದೆಲ್ಲವೂ ಬರೆದಿದೆ. ಆದರೆ ನೂರಾರು ರೋಗಿಗಳ ಪಕ್ಕದಲ್ಲಿ ನಿಂತವಳ ಕಣ್ಣಿಗಲ್ಲದೆ ಬೇರೆಯವರ ಕಣ್ಣಿಗೆ ಅದು ಕಾಣಿಸುವುದಿಲ್ಲ.

ಪ್ರಸೂತಿಯ ವಿಷಯದಲ್ಲಿಯಂತೂ ಇದು ಇನ್ನೂ ನಿಷ್ಠುರವಾದ ಸತ್ಯ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ನಾಡು ಗೌರವಿಸಿದ್ದು ದಶಕಗಳ ಕಾಲ ಹೆರಿಗೆಯ ಮನೆಗಳಲ್ಲಿ ಸಂಪಾದಿಸಿದ ಅನುಭವವನ್ನು. ಇಂದಿನ ಪದವಿಯ ವಿದ್ಯಾರ್ಥಿನಿ ಆ ಅನುಭವಕ್ಕೆ ಶಾಸ್ತ್ರವನ್ನು ಜೋಡಿಸಿಕೊಳ್ಳಬೇಕಾಗಿದೆ. ಕೂಸು ಹುಟ್ಟಿ ಅತ್ತ ಕೂಡಲೇ ಮನೆಮಂದಿಯ ಗಮನವೆಲ್ಲ ಕೂಸಿನ ಕಡೆಗೆ ತಿರುಗುವುದು ಲೋಕರೂಢಿ. ತಾಯಿಯ ಪ್ರಾಣಕ್ಕೆ ದೊಡ್ಡ ಅಪಾಯವಿರುವುದು ಅದೇ ಹೊತ್ತಿನಲ್ಲಿ. ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಖಚಿತಪಡಿಸಿಕೊಂಡು ಆಕ್ಸಿಟೋಸಿನ್ 10 ಯೂನಿಟ್ ಕೊಡುವುದು, ಮಾಸು ಬಿದ್ದ ಮೇಲೆ ಅದು ಪೂರ್ಣವಾಗಿ ಬಂದಿದೆಯೇ ಎಂದು ಬೆಳಕಿನಲ್ಲಿ ಹರಡಿ ನೋಡುವುದು, ಬಳಿಕ ಕಾಲು ಗಂಟೆಗೊಮ್ಮೆ ಬಾಣಂತಿಯ ಹೊಕ್ಕುಳಿನ ಸುತ್ತ ಅಂಗೈಯಿಟ್ಟು ಗರ್ಭಕೋಶ ಗಟ್ಟಿಯಾಗಿ ಕೈಗೆ ಹತ್ತುತ್ತದೆಯೇ ಎಂದು ಪರೀಕ್ಷಿಸುವುದು ಆಕೆಯ ಕರ್ತವ್ಯ. ಅದು ಮೆತ್ತಗಾಗಿದ್ದರೆ ರಕ್ತಸ್ರಾವದ ಅಪಾಯವಿದೆಯೆಂದೇ ಅರ್ಥ. ತಕ್ಷಣ ತಿಕ್ಕಿ ಗಟ್ಟಿಮಾಡಬೇಕು, ವೈದ್ಯರನ್ನು ಕರೆಯಬೇಕು. ರಬ್ಬರಿನ ಬೊಂಬೆಯ ಮೇಲೆ ಈ ಕ್ರಮವನ್ನು ಕಂಠಸ್ಥಮಾಡಬಹುದು. ಗಟ್ಟಿ ಯಾವುದು, ಮೆತ್ತಗಿನದು ಯಾವುದು ಎಂಬ ಅಂಗೈಯ ಜ್ಞಾನ ಬೊಂಬೆಯಿಂದ ಬರುವಂಥದಲ್ಲ.

ಪಠ್ಯಕ್ರಮವನ್ನು ರಚಿಸಿದವರು ಇದನ್ನು ಅರಿಯದವರಲ್ಲ. ಪರೀಕ್ಷೆಗೆ ಕುಳಿತುಕೊಳ್ಳಲು ಶೇ 80ರಷ್ಟು ಹಾಜರಿ ಸಾಕೆಂದ ನಿಯಮವೇ, ಪದವಿ ಕೈಸೇರಬೇಕಾದರೆ ಪ್ರಾಯೋಗಿಕ ಕ್ಷೇತ್ರಗಳಲ್ಲಿ ಶೇ 100ರಷ್ಟು ಹಾಜರಿ ಬೇಕೆಂದು ವಿಧಿಸುತ್ತದೆ. ಆಸ್ಪತ್ರೆಯಲ್ಲಿ ಒಂದು ದಿನ ತಪ್ಪಿದರೆ ಅದನ್ನು ತುಂಬಿಕೊಡಲೇಬೇಕು. ಕಾಲೇಜಿಗೆ ನೂರು ಹಾಸಿಗೆಗಳ ಸ್ವಂತ ಆಸ್ಪತ್ರೆಯಿರಬೇಕು, ವಿದ್ಯಾರ್ಥಿಯೊಬ್ಬರಿಗೆ ಮೂವರು ರೋಗಿಗಳಾದರೂ ದೊರೆಯಬೇಕು ಎಂಬ ಮಾನದಂಡಗಳೂ ಇದೇ ವಿಚಾರದಿಂದ ಹುಟ್ಟಿದವು. ಹೀಗಿರಲಾಗಿ, ಹಾಸಿಗೆಗಳು ಕಾಗದದಲ್ಲಿ ತುಂಬಿ ವಾರ್ಡಿನಲ್ಲಿ ಬರಿದಾಗಿರುವ ಕಡೆ, ಹತ್ತಾರು ವಿದ್ಯಾರ್ಥಿಗಳು ಒಬ್ಬ ರೋಗಿಯನ್ನು ಸುತ್ತುವರಿದು ನಿಂತು ನೋಟ್‌ಬುಕ್ಕಿನಲ್ಲಿ ಮಾತ್ರ ಪ್ರಕರಣವನ್ನು ಪೂರ್ಣಗೊಳಿಸುವ ಕಡೆ ಮಕ್ಕಳನ್ನು ಸೇರಿಸುವುದು ಬಾವಿಯಿಲ್ಲದ ಊರಿನಲ್ಲಿ ಈಜು ಕಲಿಯಲು ಕಳಿಸಿದಂತೆ. ಅಂಥಲ್ಲಿಂದ ಹೊರಬಂದವರಿಗೆ ಪದವಿಪತ್ರವೇನೋ ಇರುತ್ತದೆ, ಆದರೆ ರಾತ್ರಿಪಾಳಿಯಲ್ಲಿ ಒಬ್ಬರೇ ನಿಂತು ನಿರ್ಣಯ ಕೈಗೊಳ್ಳುವ ಧೈರ್ಯವಿರುವುದಿಲ್ಲ; ತಪ್ಪು ಅವರದಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನವು, ಮೊದಲ ಸೆಮಿಸ್ಟರಿನಲ್ಲಿಯೇ ಇಂಗ್ಲಿಷ್ ಸಂವಹನದ ಪಾಠವಿದೆ, ಅದು ಬೇಕು ಕೂಡ. ಆದರೆ ಬಾಗೇವಾಡಿಯ ತಾಲ್ಲೂಕು ಆಸ್ಪತ್ರೆಗೆ ಬರುವ ಅಜ್ಜಿ ತನ್ನ ಬಾಧೆಯನ್ನು “ಎದಿ ಒತ್ತಿ ಹಿಡಿದಂಗ ಆಗತೈತಿ ತಂಗೀ, ಜೀವಕ್ಕ ಸಮಾಧಾನ ಇಲ್ಲ” ಎಂದೇ ಹೇಳುತ್ತಾಳೆ. ಆ ಒತ್ತಡ ಹೃದಯದ್ದೋ ಹೊಟ್ಟೆಯದೋ ಮನಸ್ಸಿನದೋ ಎಂದು ಕೇಳಿ ಬಿಡಿಸುವ ಸಂಭಾಷಣೆಯನ್ನು ಈ ಭಾಗದ ಹುಡುಗಿ ಸಲೀಸಾಗಿ ನಡೆಸಬಲ್ಲಳು. ಅದನ್ನು ಆಕೆಯ ಅಧ್ಯಾಪಕರು ಯೋಗ್ಯತೆಯೆಂದು ಪರಿಗಣಿಸಿ, ಕನ್ನಡದಲ್ಲಿ ರೋಗವೃತ್ತಾಂತ ಕೇಳಿ ದಾಖಲಿಸುವ ಅಭ್ಯಾಸಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕಗಳನ್ನು ಕೊಡಬೇಕು.

ಸಮುದಾಯ ಆರೋಗ್ಯದ ಪಾಠಕ್ಕೆ ಈ ಸೀಮೆಗಿಂತ ಯೋಗ್ಯವಾದ ಕ್ಷೇತ್ರ ಬೇರೆ ಬೇಕೆ? ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವ ಬಸುರಿಯ ತಾಯಿ ಕಾರ್ಡು ಗಂಡನ ಊರಿನಲ್ಲಿಯೇ ಉಳಿದಿರುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕೂಲಿಗೆಂದು ಗೋವೆಗೋ ಹೋದ ಕುಟುಂಬದ ಮಗುವಿಗೆ ಲಸಿಕೆಯ ಸರದಿ ತಪ್ಪಿರುತ್ತದೆ. ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿಳಿದ ಗರ್ಭಿಣಿಗೆ ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ಕಳಿಸಿದರೆ ಕೆಲಸ ಮುಗಿಯಲಿಲ್ಲ: ಮಾತ್ರೆಯ ಬೆನ್ನಿಗೇ ಚಹಾ ಕುಡಿಯುವಳೋ, ಮಲ ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ಬಿಟ್ಟಳೋ, ಜೋಳದ ರೊಟ್ಟಿಯ ಜೊತೆ ತಾಟಿನಲ್ಲಿ ಕಾಳುಪಲ್ಯವಿದೆಯೋ ಇಲ್ಲವೋ ಎಂಬುದನ್ನು ಮನೆಯ ಪಡಸಾಲೆಯಲ್ಲಿ ಕುಳಿತೇ ತಿಳಿಯಬೇಕು. ಸಮಾಜಶಾಸ್ತ್ರವೂ ಆಹಾರವಿಜ್ಞಾನವೂ ಮೊದಲ ವರ್ಷದಲ್ಲಿಯೇ ಇರುವುದರ ಉದ್ದೇಶ ಅಲ್ಲಿ ಸ್ಪಷ್ಟವಾಗುತ್ತದೆ. ಇಂದು ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಕರೆಯಲ್ಪಡುವ ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ತಪಾಸಣೆಮಾಡುತ್ತಿರುವವರಲ್ಲಿ ನರ್ಸಿಂಗ್ ಪದವೀಧರರು ಬಹುಸಂಖ್ಯೆಯಲ್ಲಿದ್ದಾರೆ; ವೈದ್ಯರಿಲ್ಲದ ಊರಿನಲ್ಲಿ ಜನ ಮೊದಲು ಕಾಣುವುದು ಅವರನ್ನು.

ಬಸವಣ್ಣನವರು ಜನಿಸಿದ ಬಾಗೇವಾಡಿಯಲ್ಲಿಯೂ ರೋಗಿಯ ಮೈ ಒರೆಸುವ, ಮಲಮೂತ್ರ ಎತ್ತುವ ಕೆಲಸ ಕೀಳೆಂಬ ಭಾವನೆ ಕೆಲವು ಮನೆಗಳಲ್ಲಿ ಇನ್ನೂ ಇರುವುದು, ಗಂಡುಮಗ ನರ್ಸಿಂಗ್ ಸೇರಿದರೆ ಬಂಧುಗಳು ಮುಖ ಸಣ್ಣದು ಮಾಡುವುದು ನನಗೆ ಅತ್ಯಂತ ವ್ಯಥೆಯ ಸಂಗತಿ. ರೋಗಿಯ ಮೈ ಒರೆಸುವಾಗಲೇ ಬೆನ್ನಿನ ಹಾಸಿಗೆಹುಣ್ಣು ಮೊದಲ ಕೆಂಪಿನಲ್ಲಿಯೇ ಕಣ್ಣಿಗೆ ಬೀಳುವುದು, ಮೂತ್ರದ ಪ್ರಮಾಣವನ್ನು ಅಳೆದಾಗಲೇ ಮೂತ್ರಪಿಂಡ ಸೋಲುತ್ತಿರುವುದು ಗೊತ್ತಾಗುವುದು.

ಆದಕಾರಣ ನನ್ನ ಬೇಡಿಕೆ ಇಷ್ಟು. ವಿಜಯಪುರದ ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳ ಸಮುದಾಯ ಮತ್ತು ಪ್ರಸೂತಿ ವಿಭಾಗದ ಪೋಸ್ಟಿಂಗುಗಳಲ್ಲಿ ಒಂದು ಪಾಲನ್ನಾದರೂ ಸುಮಾರು 40 ಕಿ.ಮೀ. ದೂರದ ಬಾಗೇವಾಡಿಯ ತಾಲ್ಲೂಕು ಆಸ್ಪತ್ರೆಗೂ ಮನಗೂಳಿ, ಹೂವಿನ ಹಿಪ್ಪರಗಿ, ಉಕ್ಕಲಿಯಂಥ ಊರುಗಳಿಗೂ ಕೊಡಬೇಕು. ಒಂದು ದಿನದ ಬಸ್ ಪ್ರವಾಸದಂತಲ್ಲ, ವಾರಗಟ್ಟಲೆ ತಂಗುವಂತೆ. ಅದಕ್ಕೆ ಹೆಣ್ಣುಮಕ್ಕಳು ಸುರಕ್ಷಿತವಾಗಿ ಇರಬಲ್ಲ ವಸತಿ, ರಾತ್ರಿಪಾಳಿಯಲ್ಲಿ ಜೊತೆಗೆ ನಿಂತು ಕಲಿಸುವ ಬೋಧಕರು, ಹಾಗೂ ಆಸ್ಪತ್ರೆಯ ಹಿರಿಯ ಶುಶ್ರೂಷಾಧಿಕಾರಿಗಳಿಗೆ ಕಲಿಸುವ ಹೊಣೆಗೆ ತಕ್ಕ ಗೌರವಧನ ಬೇಕಾಗುತ್ತದೆ. ವಸತಿಗೂ ಗೌರವಧನಕ್ಕೂ ಬೇಕಾದ ಹಣವನ್ನು ಆರೋಗ್ಯ ಇಲಾಖೆಯೂ ಕಾಲೇಜುಗಳೂ ಕೂಡಿ ಭರಿಸಬೇಕೇ ಹೊರತು ವಿದ್ಯಾರ್ಥಿಗಳ ಶುಲ್ಕದ ಮೇಲೆ ಹಾಕತಕ್ಕದ್ದಲ್ಲ.