ತವರಿನ ಕಸಬು: ಇಳಕಲ್ಲ ಸೀರೆ

ನಮ್ಮ ಸದಾಶಿವ ಪೇಠೆಗೆ ಹತ್ತಿದ ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ‘ಇರಕಲ್’ ಎಂದು ಕೇಳಿ ಕೊಳ್ಳುವ ಸೀರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲದ್ದೆಂದು ಮಕ್ಕಳಿಗೆ ಹೇಳಿರುವಿರಾ? ಅದರೊಡನೆ ತೊಡುವ ಖಣವೂ ಅದೇ ಜಿಲ್ಲೆಯ ಗುಳೇದಗುಡ್ಡದ್ದು.

ಈ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ಕೆಂಪು ರೇಶಿಮೆಯದು. ಅದರ ಮೇಲೆ ಬಿಳಿಯ ತೋಪುತೆನಿ. ಎರಡೂ ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವರು. ಆದ್ದರಿಂದ ಪ್ರತಿಯೊಂದು ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು.

ವಿದ್ಯುತ್ ಮಗ್ಗದ ಅಗ್ಗದ ಸೀರೆಯೆದುರು ಇಷ್ಟು ಶ್ರಮಕ್ಕೆ ತಕ್ಕ ಕೂಲಿ ಗಿಟ್ಟುವದು ಕಷ್ಟ. ಕೂಲಿ ಗಿಟ್ಟದಿದ್ದರೆ ನೇಕಾರನ ಮಗ ಮಗ್ಗಕ್ಕೆ ಕೂಡ್ರುವನೆ?

ಮುಂದಿನ ಮದುವೆಗೋ ಕುಬಸಕ್ಕೋ ಜವಳಿ ಕೊಳ್ಳುವಾಗ ಕೈಮಗ್ಗದ್ದನ್ನೇ ಕೇಳಿರಿ. ಸೆರಗು ಕೂಡಿದ ಕಡೆ ತಿರುವಿ, ಆ ಕೊಂಡಿಯ ಸಾಲನ್ನು ಮಕ್ಕಳಿಗೆ ತೋರಿಸಿರಿ.