ಶಸ್ತ್ರಚಿಕಿತ್ಸೆ: ಎಲ್ಲವನ್ನೂ ವಿಧಿಯ ತಲೆಗೆ ಕಟ್ಟಬೇಕೇ?

ರೋಗಿಯನ್ನು ಒಳಗೆ ಕರೆದೊಯ್ದು ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ಹೊರಗೆ ಕುಳಿತ ಬಂಧುಗಳಿಗೆ ಉಳಿಯುವುದು ದುಆ ಮಾತ್ರ. ಚಿಕಿತ್ಸೆ ಫಲಿಸಿದರೆ ವೈದ್ಯರನ್ನು ಕೊಂಡಾಡುತ್ತೇವೆ. ಗಾಯ ಕೀವಾಗಿ ರೋಗಿ ತೀರಿಕೊಂಡರೆ ಒಂದೋ ಆಸ್ಪತ್ರೆಯ ಗಾಜು ಒಡೆಯುತ್ತೇವೆ, ಇಲ್ಲವೇ ಅಲ್ಲಾಹನ ವಿಧಿಯೆಂದು ಸುಮ್ಮನಾಗುತ್ತೇವೆ. ಇವೆರಡರ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಸಾವನ್ನು ತಡೆಯಬಹುದಿತ್ತೇ?

ಹಲವು ಸಂದರ್ಭಗಳಲ್ಲಿ ತಡೆಯಬಹುದಿತ್ತು ಎಂಬುದಕ್ಕೆ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ಬಿಡುಗಡೆ ಮಾಡಿತು. ಅರಿವಳಿಕೆ ನೀಡುವ ಮುನ್ನ, ಚರ್ಮವನ್ನು ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಕಳಿಸುವ ಮುನ್ನ ಹೀಗೆ ಮೂರು ಬಾರಿ ಎಲ್ಲರೂ ಕ್ಷಣಕಾಲ ನಿಲ್ಲಬೇಕು. ರೋಗಿ ಯಾರು? ಯಾವ ಅಂಗ? ಅಲರ್ಜಿ ಇದೆಯೇ? ಕಳೆದ 60 ನಿಮಿಷಗಳೊಳಗೆ ಪ್ರತಿಜೀವಕ ನೀಡಲಾಗಿದೆಯೇ? ಹತ್ತಿಬಟ್ಟೆ, ಸೂಜಿಗಳ ಲೆಕ್ಕ ಸರಿಯಿದೆಯೇ? ಇವನ್ನು ಗಟ್ಟಿಯಾಗಿ ಕೇಳಿ ಉತ್ತರ ಪಡೆಯಬೇಕು. ಲಂಡನ್, ಟೊರಾಂಟೊಗಳ ಜೊತೆಗೆ ನವದೆಹಲಿ, ತಾಂಜಾನಿಯಾದ ಇಫಕಾರಾ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು.

ಹಾಗೆಂದು ಕಾಗದ ಜೀವ ಉಳಿಸುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಪಟ್ಟಿಯನ್ನು ಕಡ್ಡಾಯಗೊಳಿಸಿದರೂ ಸಾವುಗಳು ಗಣನೀಯವಾಗಿ ಇಳಿಯಲಿಲ್ಲವೆಂದು 2014ರ ಅಧ್ಯಯನ ತೋರಿಸಿತು. ಆದೇಶ ಹೊರಡಿಸುವುದು ಬೇರೆ, ಆಚರಣೆಗೆ ತರುವುದು ಬೇರೆ. ಬಡ ದೇಶವಾದ ಮಡಗಾಸ್ಕರ್‌ನಲ್ಲಿ ಇಡೀ ತಂಡವನ್ನು ಒಟ್ಟಿಗೆ ಕೂರಿಸಿ ಮೂರು ದಿನಗಳ ತರಬೇತಿ ನೀಡಿದಾಗ, ವರ್ಷದ ಬಳಿಕವೂ ಬಹುಪಾಲು ಸಿಬ್ಬಂದಿ ಪಟ್ಟಿಯನ್ನು ಬಳಸುತ್ತಿರುವುದಾಗಿ ಹೇಳಿದರು.

ಸೌಕರ್ಯವಿಲ್ಲದ ಆಸ್ಪತ್ರೆಗಳಲ್ಲಿ ತೊಡಕು ಎರಡು ಬಗೆಯದು. ನೀರು, ವಿದ್ಯುತ್, ಆಮ್ಲಜನಕ, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್, ಕ್ರಿಮಿಮುಕ್ತ ಉಪಕರಣ ಇಲ್ಲದೆಡೆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಇವೆಲ್ಲ ಇದ್ದರೂ ದೊಡ್ಡ ಡಾಕ್ಟರರನ್ನು ತಡೆದು 'ಸ್ವಲ್ಪ ನಿಲ್ಲಿ, ಲೆಕ್ಕ ತಾಳೆಯಾಗುತ್ತಿಲ್ಲ' ಎನ್ನಲು ನರ್ಸ್‌ಗೆ ಧೈರ್ಯವಿರುವುದಿಲ್ಲ. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ವಿನಯ ಸಾಕು.

ಬಡವರ ವಿಷಯದಲ್ಲಿ ಅವಸರವೇ ನಿಯಮವಾದರೆ ಏನಾಗುತ್ತದೆಂದು 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ತೋರಿಸಿತು. ಅಲ್ಲಿನ ಸಂತಾನಹರಣ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಆ ಜಿಲ್ಲೆಯ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಮರಳಿ ಬಾಳಲಿಲ್ಲ. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ಕೊನೆಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು. ಸಂಖ್ಯೆಯ ಗುರಿ ಮುಟ್ಟುವ ಆತುರದಲ್ಲಿ ಆಡಳಿತಕ್ಕೆ ಮನುಷ್ಯರು ಕಾಣಿಸಿರಲಿಲ್ಲ.

ಇನ್ನು ನಮ್ಮ ಪಾಲು. ಸಮುದಾಯದ ಟ್ರಸ್ಟ್‌ಗಳು ಆಸ್ಪತ್ರೆ ಕಟ್ಟುತ್ತವೆ, ಆಂಬುಲೆನ್ಸ್ ದಾನ ಮಾಡುತ್ತವೆ. ಇದು ಸ್ತುತ್ಯರ್ಹ. ಆದರೆ ದಾನಿಯ ಹೆಸರು ಕೆತ್ತಿದ ಅಮೃತಶಿಲೆಗೆ ಸಿಗುವ ಹಣ ಒಂದು ಆಕ್ಸಿಮೀಟರಿಗೆ, ನರ್ಸ್‌ಗಳ ತರಬೇತಿಗೆ ಏಕೆ ಸಿಗುವುದಿಲ್ಲ? ಆಡಳಿತ ಸಮಿತಿಯ ಸಭೆಯಲ್ಲಿ ಎಷ್ಟು ಶಸ್ತ್ರಚಿಕಿತ್ಸೆಗಳಾದವು ಎಂದು ಕೇಳುವವರು ಎಷ್ಟು ಗಾಯಗಳಿಗೆ ಸೋಂಕು ತಗುಲಿತು ಎಂದೂ ಕೇಳಲಿ. ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ನಮ್ಮ ಮುಖಂಡರೂ ಅದನ್ನೇ ಕೇಳಲಿ. ಕುಟುಂಬದವರು ಜಗಳವಾಡದೆ, ಸಭ್ಯವಾಗಿ, 'ಇಲ್ಲಿ ಸುರಕ್ಷತಾ ಪಟ್ಟಿ ಬಳಸುತ್ತೀರಾ?' ಎಂದು ಮೊದಲೇ ವಿಚಾರಿಸಲಿ.

ಜೀವದ ರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದೆಂದು ವಿದ್ವಾಂಸರು ಎಣಿಸಿದ್ದಾರೆ. ಒಂಟೆಯನ್ನು ಕಟ್ಟಿದ ಬಳಿಕವೇ ತವಕ್ಕುಲ್ ಎಂಬುದು ಪ್ರವಾದಿ(ಸ)ಯವರು ಕಲಿಸಿದ ಪಾಠ. ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ ರೋಗಿ ಒಳಗಿರುವವರ ಕೈಯಲ್ಲಿ ಅಮಾನತ್. ಹಗ್ಗ ಕೈಯಲ್ಲಿದ್ದೂ ಕಟ್ಟದೆ, ಒಂಟೆ ಕಳೆದುಹೋದ ಮೇಲೆ ವಿಧಿಯನ್ನು ದೂರುವುದು ಈಮಾನ್ ಅಲ್ಲ, ಹೊಣೆಗೇಡಿತನ.