ಮಜ್ಜಿಗೆ ಹುಲ್ಲು ಸೊಳ್ಳೆ ಓಡ್ಸಲ್ಲ ಕಣ್ರವ್ವ

"ಬಾಲ್ಕನೀಲಿ ಮಜ್ಜಿಗೆ ಹುಲ್ಲು ಇಟ್ಟಿದ್ದೀನಲ್ಲ, ನಮ್ಮನೇಗೆ ಸೊಳ್ಳೆ ಬರಲ್ಲ ಬುಡು" ಅಂತ ಮೊನ್ನೆ ನಮ್ಮತ್ತಿಗೆ ಅಂದ್ರು. ನಂಗೆ ರೇಗೋಯ್ತು. ಹಿರೀರು, ಎದುರಿಗೆ ಏನೂ ಅನ್ನಕ್ಕಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಅವರೂ ಓದ್ತಾರೆ. ಓದ್ಲಿ.

ಹುಲ್ಲಿನ ಮೇಲೆ ನಂಗೇನೂ ಸಿಟ್ಟಿಲ್ಲ. ಶೆಟ್ಟಿಹಳ್ಳೀಲಿ ನಮ್ಮವ್ವನ ಹಿತ್ತಲಲ್ಲಿ, ಬಚ್ಚಲು ನೀರು ಹರಿಯೋ ಕಡೆ, ಆಳುದ್ದ ಬೆಳೆದಿತ್ತು. ಬೆಣ್ಣೆ ಕಾಯ್ಸೋವಾಗ ಎರಡು ಗರಿ ಗಂಟು ಹಾಕಿ ಬಿಟ್ರೆ ತುಪ್ಪದ ಘಮ ಬೀದಿಗೆಲ್ಲ. ಅದೇ ಬುಡದಿಂದ ಒಂದು ಸಸಿ ಹಾಸನಕ್ಕೆ ತಂದೆ, ಅದ್ರಿಂದ ಕಿತ್ತಿದ್ದೇ ಇವತ್ತು ನಿಮ್ಮಲ್ಲಿ ಎಷ್ಟೋ ಜನರ ಬಾಲ್ಕನೀಲಿರೋದು. ಕೊಡೋವಾಗ "ಸೊಳ್ಳೇಗೂ ಒಳ್ಳೇದು" ಅಂದಿದ್ದು ನಾನೇ. ಆ ಮಾತು ವಾಪಸ್ ತಗೋತಿದ್ದೀನಿ.

ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಬಂತು. ಐದು ದಿನ ಆಸ್ಪತ್ರೆ, ಬೆಳಗೆದ್ರೆ ಪ್ಲೇಟ್‌ಲೆಟ್ ಲೆಕ್ಕ. ಆಮೇಲೆ ಮನೆ ನೋಡಕ್ಕೆ ಬಂದ ಆಶಾ ಕಾರ್ಯಕರ್ತೆ ಡ್ರಮ್ಮು, ಸಂಪು ಎಲ್ಲಾ ನೋಡಿ, ಕೊನೇಗೆ ಹುಲ್ಲಿನ ಪಾಟ್ ಎತ್ತಿ ಕೆಳಗಿನ ತಟ್ಟೇಗೆ ಟಾರ್ಚ್ ಬಿಟ್ರು. ಮರಿಗಳು ಮಿಲಮಿಲ ಅಂತಿದ್ವು. ಸೊಳ್ಳೆ ಓಡ್ಸಕ್ಕೆ ಇಟ್ಟ ಗಿಡದ ಅಡೀಲೇ!

"ಅದರ ಎಣ್ಣೇಲಿ ಗುಣ ಐತಲ್ಲ" ಅಂತೀರಿ. ಐತೆ. ಆ ವಾಸನೆ ಸಿಟ್ರಾಲ್ ಅನ್ನೋದ್ರದ್ದು. ಅದು ಗರಿಯೊಳಗೇ ಇರುತ್ತೆ, ಹಿಸುಕಿದ್ರೆ ತಾನೆ ಹೊರಗೆ ಬರೋದು? ಸುಮ್ನೆ ನಿಂತ ಹುಲ್ಲಿಗೆ ಸೊಳ್ಳೆ ಯಾಕೆ ಹೆದರುತ್ತೆ? ಬಟ್ಟಿ ಇಳಿಸಿದ ಎಣ್ಣೆ ಮೈಗೆ ಹಚ್ಕಂಡ್ರೂ ಬೇಗ ಆರಿಹೋಗುತ್ತೆ. ಇದಕ್ಕೆ "ಸೊಳ್ಳೆ ಗಿಡ" ಅಂತ ಚೀಟಿ ಅಂಟ್ಸಿ ಮಾರೋರು ಮಾರ್ಕೊಳ್ಳಲಿ, ನಮಗೆ ಬುದ್ಧಿ ಬೇಡ್ವಾ?

ಡೆಂಗಿ ಸೊಳ್ಳೆ ಕಚ್ಚೋದು ಹಗಲು ಹೊತ್ತು, ಮೊಟ್ಟೆ ಇಡೋದು ಇಂಥ ನಿಂತ ನೀರಲ್ಲೇ. ಮೊಟ್ಟೆ ಸೊಳ್ಳೆಯಾಗಿ ಹಾರಕ್ಕೆ 8–10 ದಿನ ಸಾಕು. ನೀರು ಚೆಲ್ಲಿದ್ರೆ ಆಗ್ಲಿಲ್ಲ. ತಟ್ಟೆ ಅಂಚಿಗೆ ಅಂಟಿದ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಜೀವ ಹಿಡ್ಕಂಡಿರುತ್ತೆ, ವಾರವಾರ ನಾರು ಹಾಕಿ ಉಜ್ಜಬೇಕು. 2024ರಲ್ಲಿ ಸರ್ಕಾರ ಡೆಂಗೀನ ಸಾಂಕ್ರಾಮಿಕ ಅಂತ ಘೋಷಿಸಿ, ನೀರು ನಿಲ್ಲಿಸ್ಕಂಡ ಮನೇಗೆ ಪೇಟೇಲಿ 400, ಹಳ್ಳೀಲಿ 200 ರೂಪಾಯಿ ದಂಡ ಅಂದಾಗ ನಾನೂ ನಕ್ಕಿದ್ದೆ.

"ತಟ್ಟೆ ಇಲ್ದಿದ್ರೆ ಕೆಳಗಿನ ಮನೆಯೋರು ಬೈತಾರೆ" ಅನ್ನೋದೂ ನಿಜ. ಹಂಗಿದ್ರೆ ತಟ್ಟೆ ತುಂಬ ಮರಳು ಹಾಕಿ, ನೀರು ನೋಡ್ಕಂಡು ಹಾಕಿ. ಈ ಹುಲ್ಲಿಗೂ ನಿಂತ ನೀರು ಆಗಲ್ಲ, ಬುಡ ಕೊಳೆಯುತ್ತೆ. ತೂತಿರೋ 12 ಇಂಚಿನ ಪಾಟ್, ಕೆಮ್ಮಣ್ಣು, ಗೊಬ್ಬರ, ಒಳ್ಳೆ ಬಿಸಿಲು, ಅಷ್ಟೇ. ಹೇಮಾವತಿ ಹಿನ್ನೀರಲ್ಲಿ ನಿಂತ ನಮ್ಮೂರ ಹಳೇ ಚರ್ಚ್ ನೋಡಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನಿಮ್ಮ ಪಾಟ್ ನೀರಲ್ಲಿ ನಿಂತ್ರೆ ಯಾರು ಬರ್ತಾರೆ ಅಂತ ಗೊತ್ತಲ್ಲ.

ಅತ್ತಿಗೆ, ಭಾನುವಾರ ಬರ್ತೀನಿ. ಬೆಣ್ಣೆ ತೆಗೆದಿಟ್ಟಿರಿ, ಗರಿ ನಾನೇ ಕುಯ್ತೀನಿ. ತಟ್ಟೇನೂ ನಾನೇ ಎತ್ತಿ ನೋಡ್ತೀನಿ.